ಶರಣಪ್ಪ ಕಾಕಾ ಆಡದ ಮಾತು

ಶರಣಪ್ಪ ಕಾಕಾ ಯಾವುದರ ಮೇಲೂ ಭಾರ ಹಾಕುವ ಮೊದಲು ಅದನ್ನು ಮೂವತ್ತು ಸಲ ಬಡಿಯುತ್ತಿದ್ದರು. ಮಣಿಕಟ್ಟಿನಿಂದ ಹತ್ತು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು. ನಮ್ಮ ಮನೆಯ ಕಟ್ಟೆ, ಜೋಳದ ಚೀಲ, ಕಾಲುವೆಯ ಏರಿ, ಎಲ್ಲಕ್ಕೂ ಇದೇ ಪರೀಕ್ಷೆ. "ಕಾಕಾ, ಕಟ್ಟಿ ನಮ್ಮ ಮಾವನ ಕಾಲದ್ದು, ಎಲ್ಲೂ ಹೋಗಂಗಿಲ್ಲ" ಎಂದರೆ, "ಹೋಗೋದು ಹೇಳಿ ಹೋಗತೈತೇನವಾ?" ಎನ್ನುತ್ತಿದ್ದರು.

'ಕುಂದರ್ರಿ' ಎಂಬ ಮಾತೂ ಅವರ ಬಾಯಲ್ಲಿ ಬರುತ್ತಿರಲಿಲ್ಲ. ಮನೆಗೆ ಬಂದವರಿಗೆ "ಬುಡ ಊರ್ರಿ" ಎಂದುಬಿಡುತ್ತಿದ್ದರು. ಬೀಗರಿಗೂ ಅದೇ. ಹೆಂಡತಿ ಗೌರಮ್ಮ, "ಈ ಮನುಷ್ಯಾಗ ಒಂದು ನೆಟ್ಟನ ಮಾತು ಬರಂಗಿಲ್ಲ" ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದರು.

ಶಹಾಪುರದ ಕಡೆಗೆ ಕಾಲುವೆಯ ನೀರು ಬಂದ ಹೊಸದರಲ್ಲಿ ಕಾಕಾ ಲಸ್ಕರ್ ಕೆಲಸಕ್ಕೆ ಸೇರಿದರು. ತೂಬು ಎತ್ತುವುದು, ಇಳಿಸುವುದು, ಏರಿ ಕಾಯುವುದು. ಅದಕ್ಕೂ ಮೊದಲು ಸುರಪುರದ ಈ ಮನುಷ್ಯ ಸೈನ್ಯಕ್ಕೆ ಸೇರಿ ಹಿಮಾಲಯದಲ್ಲಿದ್ದರು. ಸೈನ್ಯ ಬಿಟ್ಟ ಮೇಲೂ ಅಲ್ಲೇ ಉಳಿದು, ಸ್ಕೀ ಕಟ್ಟಿಕೊಂಡು ದಾರಿಯಿಲ್ಲದ ಗುಡ್ಡಗಳಲ್ಲಿ ಜಾರಲು ಬರುವವರ ಮುಂದೆ ಹೋಗಿ, ಹಿಮ ಕುಸಿಯುವುದೋ ಇಲ್ಲವೋ ನೋಡಿ ಹೇಳುತ್ತಿದ್ದರು.

ಅದು ಹೇಗೆಂದು ನನಗೆ ತೋರಿಸಿದ್ದು ನಮ್ಮ ಅಡುಗೆಮನೆಯಲ್ಲಿ. ಎರಡು ಕಟಕ ರೊಟ್ಟಿಯ ನಡುವೆ ಸಕ್ಕರೆ ಉದುರಿಸಿ ತಾಟನ್ನು ವಾಲಿಸಿದರು. ಮೇಲಿನ ರೊಟ್ಟಿ ಸರ್ರನೆ ಜಾರಿ ನೆಲಕ್ಕೆ ಬಿತ್ತು.

"ಮ್ಯಾಗಿಂದು ಗಟ್ಟೇ ಇರತೈತಿ. ನಡುವಿನ ಸಕ್ಕರಿ ಪದರು ಕಾಣಂಗಿಲ್ಲ. ಅದಕ್ಕ ಕುಣಿ ತೋಡಿ, ಹಿಮಾನ ಕಂಬದಂಗ ಕೊಯ್ದು, ಬಡದು ನೋಡೋದು. ಹತ್ತರೊಳಗ ಜಾರಿತಂದ್ರ ಯಾರೂ ಇಳಿಯಬಾರದು."

"ನನ್ನ ರೊಟ್ಟಿ ಹಾಳಾತಲ್ರಿ" ಎಂದೆ. ಎತ್ತಿ, ಊದಿ, ತಿಂದರು.

ಒಂದು ಸಂಜೆ ನಾವು ಹೆಂಗಸರು ಹತ್ತಿ ಬಿಡಿಸಿ ಏರಿಯ ಮೇಲೆ ಬರುತ್ತಿದ್ದೆವು. ಕಾಕಾ ಕೈ ಅಡ್ಡ ಹಿಡಿದು ನಿಂತಿದ್ದರು. "ದಾಟಬ್ಯಾಡ್ರಿ. ಒಳಗ ಟೊಳ್ಳೈತಿ. ಒಡೀತೈತಿ. ತಿಳೀತಿಲ್ಲೋ?" ಒಬ್ಬೊಬ್ಬರಿಂದಲೂ "ತಿಳೀತ್ರಿ" ಅನ್ನಿಸಿಕೊಂಡೇ ಸುತ್ತುದಾರಿಗೆ ಕಳಿಸಿದರು. ನಾನು ಹಿಂದೆ ಉಳಿದು ಬಗ್ಗಿ ನೋಡಿದೆ. "ಹೌದ್ರಿ, ಮಣ್ಣು ಕುಂತೈತಿ."

"ಆ ಮಾತು ಅನಬ್ಯಾಡವಾ" ಎಂದರು.

"ಅವತ್ತ ಹಿಮದ ಗುಡ್ಡದಾಗ ನಾ ಕೆಳಗ, ಸ್ಕೀ ಕಟಗೊಂಡ ಇಬ್ಬರು ಮ್ಯಾಲ. ನನ್ನ ಕಾಲಾಗ ಧುಂ ಅಂತು. ಹಿಮ ಒಳಗೊಳಗ ಕುಸಿಯೋ ಸಪ್ಪಳ ಅದು. ವೈರ್‌ಲೆಸ್ಸಿನ್ಯಾಗ ನಮ್ಮ ಸುರಪುರದ ಉರ್ದುನ್ಯಾಗ ಅಂದೆ, ಬರಫ್ ಬೈಠ್ ಗಯಾ, ಹಿಮ ಕುಂತತು ಅಂತ. ನಮ್ಮಲ್ಲಿ ಗ್ವಾಡಿ ಕುಂತತು ಅಂದ್ರ ಏನವಾ?"

"ಕುಸದು ಬಿತ್ತು ಅಂತ."

"ಅವರಿಗೆ, ಹಿಮ ಕುಂತತು ಅಂದ್ರ ಗಟ್ಟಿ ಆತು, ಇನ್ನ ಭಯ ಇಲ್ಲ ಅಂತ. ಶುಕ್ರಿಯಾ ಅಂದ್ರು. ಇಳದ್ರು."

ಆಮೇಲೆ ಒಂದು ಸ್ಕೀ ಮಾತ್ರ ಸಿಕ್ಕಿತಂತೆ.

"ತೂಬಿನ ಸಪ್ಪಳದಾಗ ಈಗೂ ಅಂತಾರವಾ, ಶುಕ್ರಿಯಾ ಅಂತ."

ಮರುದಿನ ಮುಂಜಾನೆ ಏರಿ ಅಲ್ಲಿಯೇ ಒಡೆಯಿತು. ಏರಿಯ ಮೇಲೆ ಯಾರೂ ಇರಲಿಲ್ಲ. ಊರೆಲ್ಲ ಕಾಕಾನನ್ನು ಹೊಗಳಿತು. ಚಹಾದಂಗಡಿಯ ಖಾಸಿಂಸಾಬ ಕಪ್ಪು ಮುಂದಿಟ್ಟು, "ಹೆಣ್ಮಕ್ಕಳ ಜೀವ ಉಳಿಸಿದ್ರಿ, ಶುಕ್ರಿಯಾ ಕಾಕಾ" ಎಂದ. ಕಾಕಾ ಚಹಾ ಮುಟ್ಟದೆ ಎದ್ದು ಹೋದರು.

ಅವರು ತೀರಿಕೊಂಡಾಗ ನಮ್ಮ ಪದ್ಧತಿಯಂತೆ ಕುಳ್ಳಿರಿಸಿಯೇ ಮಣ್ಣು ಮಾಡಿದರು. ಮೊದಲ ಮಳೆ ಬಿದ್ದ ಮೇಲೆ ಗೌರಮ್ಮನ ಜೊತೆ ಹೋದೆ. ಗುಪ್ಪೆ ಹಾಕಿದ್ದ ಮಣ್ಣು ಗೇಣುದ್ದ ಕೆಳಗಿಳಿದಿತ್ತು.

"ನೋಡವಾ, ಕುಂತೈತಿ" ಎಂದರು ಗೌರಮ್ಮ.

ಯಾವ ಕುಂತದ್ದು, ಕುಸಿದದ್ದೋ ಗಟ್ಟಿಯಾದದ್ದೋ? ಬಗ್ಗಿ, ಹಸಿ ಮಣ್ಣಿನ ಮೇಲೆ ಮಣಿಕಟ್ಟಿನಿಂದ ಬಡಿಯತೊಡಗಿದೆ. ಹತ್ತನೆಯದು ಬೇಡವೆನಿಸಿ ಒಂಬತ್ತಕ್ಕೆ ನಿಲ್ಲಿಸಿಬಿಟ್ಟೆ.