ಹಾವಲ್ಲ, ಸೊಂಟಪಟ್ಟಿ

ರೋಗಗಳನ್ನೂ ಗಿಡಮರಗಳಂತೆ ಕುಲ, ಜಾತಿಗಳಾಗಿ ವಿಂಗಡಿಸಿದ ಯುರೋಪಿನ ಹಳೆಯ ವೈದ್ಯರ ಕುರಿತು ಕಾರವಾರದ ಕಾಲೇಜೊಂದರಲ್ಲಿ ಉಪನ್ಯಾಸ ನೀಡಲು ಹೊರಟಿದ್ದೆ. ಹೊರನೋಟವನ್ನೇ ನಂಬಿ ವರ್ಗೀಕರಿಸಿದ್ದು ಅವರ ದೋಷವೆಂಬುದು ನನ್ನ ವಾದ. ಅಂಕೋಲೆಯಲ್ಲಿ ಬಸ್ಸು ಹತ್ತಿ ನನ್ನ ಪಕ್ಕ ಕುಳಿತ ಬೇಲೆಕೇರಿಯ ಹೆಂಗಸೊಬ್ಬರು ಸೊಂಟ ಹಿಡಿದು ನರಳುತ್ತಿದ್ದರು.

“ಏನಾಯಿತು ಅಮ್ಮಾ?”

“ಸರ್ಪಸುತ್ತು ತಂಗೀ. ಹೆಡೆಗೆ ಬಾಲ ಕೂಡ್ತು ಅಂದ್ರೆ ಜೀವವೇ ಹೋಗ್ತದೆ. ಬೈತಖೋಲದಲ್ಲಿ ಒಬ್ರು ಕೆಮ್ಮಣ್ಣು ಹಚ್ಚಿ ಹಾವು ತಡೀತಾರೆ, ಅಲ್ಲಿಗೇ ಹೊರಟದ್ದು.”

ಸೆರಗು ಸರಿಸಿ ತೋರಿಸಿದರು. ಬೊಕ್ಕೆಗಳ ಸಾಲು ಬೆನ್ನಿನಿಂದ ಹೊಟ್ಟೆಯತ್ತ ಬಂದಿತ್ತು.

“ಅದು ಹಾವಲ್ಲ, ವೈರಸ್ಸು. ಆಸ್ಪತ್ರೆಯಲ್ಲಿ ಮಾತ್ರೆ ಇದೆ” ಎಂದೆ ದೃಢವಾಗಿ.

“ಕಣ್ಣಿಗೆ ಕಾಣದ್ದನ್ನ ನಂಬು ಅಂತೀಯಲ್ಲೇ! ಇದು ಕಾಣ್ತದೆ, ನೋಡು.”

ನನಗೆ ಉಪನ್ಯಾಸದ ಟಿಪ್ಪಣಿಯೊಂದು ನೆನಪಾಯಿತು. “ಗ್ರೀಕರೆಂಬ ಹಳೆಯ ಜನರೂ ಇದನ್ನು ಕಣ್ಣಾರೆ ಕಂಡೇ ಹೆಸರಿಟ್ಟರು. ಅವರಿಗೆ ಕಂಡದ್ದು ಮಾತ್ರ ಹಾವಲ್ಲ, ಸೊಂಟಪಟ್ಟಿ.”

“ಡಾಬೇ?” ಅವರು ನರಳುವುದನ್ನು ಮರೆತರು. “ಡಾಬಿನ ಎರಡು ತುದಿ ಕೂಡಿದ್ರೆ ಯಾರೂ ಸಾಯೂದಿಲ್ಲ. ಕೂಡಿಸ್ಕೊಂಡೇ ಅಲ್ಲವೇನೇ ಮದುವೆಗೆ ಹೋಗೂದು!”

ಬೈತಖೋಲದಲ್ಲಿ ಕಂಡಕ್ಟರು “ಇಳೀರಿ ಅಮ್ಮಾ” ಎಂದಾಗ ಅವರು ಏಳಲಿಲ್ಲ.

“ಕಾರವಾರಕ್ಕೇ ಟಿಕೇಟು ಕೊಡು ಮಾರಾಯಾ, ಆಸ್ಪತ್ರೆಗೆ ಹೋಗ್ತೆ. ಈ ತಂಗಿ ನನ್ನ ಹಾವು ಬಿಡಿಸಿ ಡಾಬು ತೊಡಿಸಿದ್ದಾಳೆ.”

ಉಪನ್ಯಾಸದಲ್ಲಿ ಹೊರನೋಟದ ವರ್ಗೀಕರಣವನ್ನು ನಾನು ಸಮರ್ಥವಾಗಿಯೇ ಖಂಡಿಸಿದೆ. ಅದೇ ಹೊರನೋಟದ ಬಲದಿಂದ ಆ ಬೆಳಿಗ್ಗೆ ಒಬ್ಬರನ್ನು ಆಸ್ಪತ್ರೆಗೆ ಕಳಿಸಿದ್ದೆನೆಂಬುದನ್ನು ಸಭೆಗೆ ತಿಳಿಸುವ ಅಗತ್ಯವೇನೂ ಕಾಣಲಿಲ್ಲ.