ಸರೋವರಕ್ಕೆ ಯಾವ ತಿಂಗಳು

ಎಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ಕೊಲ್ಲಿ ದೇಶದ ದಹ್ರಾನ್‌ನ ಒಂದು ತೈಲ ಕಂಪನಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಕ್ಯಾಂಪಿನ ಕ್ವಾರ್ಟರ್ಸ್‌ನಲ್ಲಿ ನನ್ನ ಜೊತೆಗಿದ್ದವಳು ಕೆನಡಾದ ಒಬ್ಬ ಫಿಸಿಯೋಥೆರಪಿಸ್ಟ್. ನನಗಿಂತ ವಯಸ್ಸಿನಲ್ಲಿ ದೊಡ್ಡವಳು, ಮಾತು ಕಡಿಮೆ. ಆದರೆ ತನ್ನ ಊರಿನ ಸರೋವರದ ವಿಷಯ ಬಂದರೆ ಚಹಾ ಆರಿದ್ದೂ ಗೊತ್ತಾಗುತ್ತಿರಲಿಲ್ಲ. ಕನೂ ಎಂಬ ಹಗುರವಾದ ಉದ್ದನೆಯ ದೋಣಿಯಲ್ಲಿ ಅಲ್ಲಿ ದಿನಗಟ್ಟಲೆ ಹೋಗಬಹುದಂತೆ, ಒಂದು ಸರೋವರದಿಂದ ಇನ್ನೊಂದಕ್ಕೆ ದೋಣಿಯನ್ನು ಹೆಗಲ ಮೇಲೆ ಹೊತ್ತುಕೊಂಡು.

"ಈ ಸಲದ ರಜೆಗೆ ನನ್ನ ಜೊತೆ ಬಾ" ಎಂದಳು ಒಂದು ದಿನ.

ನಾನು ಕುಂದಾಪುರದ ಕಡೆಯವಳು. ಮನೆ ಹೊಳೆಯ ಬದಿಯಲ್ಲೇ. ನನ್ನ ಅಣ್ಣಂದಿರು ನಡೆಯಲು ಕಲಿತ ಹಾಗೆಯೇ ಈಜಲೂ ಕಲಿತರು. ನನ್ನನ್ನು ಮಾತ್ರ ಮೊಣಕಾಲು ನೀರಿನಿಂದ ಆಚೆ ಬಿಟ್ಟವರಿಲ್ಲ. ಆದರೂ "ಬರ್ತೇನೆ" ಎಂದುಬಿಟ್ಟೆ.

ಮೇಟ್ರನ್ ನಮ್ಮಿಬ್ಬರಿಗೂ ಒಟ್ಟಿಗೆ ರಜೆ ಕೊಡಲು ಒಪ್ಪಿದರು. ಜೂನ್ ಮೊದಲಲ್ಲಿ, ಇಲ್ಲವೇ ಸೆಪ್ಟೆಂಬರ್‌ನಲ್ಲಿ. ನನಗೆ ಜೂನೇ ಬೇಕಿತ್ತು. ಸೆಪ್ಟೆಂಬರ್‌ವರೆಗೆ ಕಾದರೆ ಈಗಿರುವ ಧೈರ್ಯ ಉಳಿಯುತ್ತದೋ ಇಲ್ಲವೋ ಎಂಬ ಭಯ. ಅವಳು ತನ್ನ ಅಪ್ಪನಿಗೆ ಫೋನ್ ಮಾಡಿ, ರಿಸೀವರನ್ನು ನನ್ನ ಕೈಗೇ ಕೊಟ್ಟಳು.

"ಜೂನ್‌ನ ಬಿಸಿಲು ಮೋಸ ಮಾಡುತ್ತದಮ್ಮ" ಎಂದರು ಅವರು, ನನಗೆ ಅರ್ಥವಾಗಲೆಂದು ನಿಧಾನವಾಗಿ. "ಮೈಗೆ ಬೆಚ್ಚಗಿರುತ್ತದೆ, ಆದರೆ ನೀರು ಆಗಷ್ಟೇ ಮಂಜುಗಡ್ಡೆ ಕರಗಿದ್ದು. ದೋಣಿ ಮಗುಚಿದರೆ ಕೈಕಾಲು ನಿನ್ನ ಮಾತು ಕೇಳುವುದಿಲ್ಲ. ಸಾಲದ್ದಕ್ಕೆ ಕಚ್ಚುವ ನೊಣಗಳ ಕಾಟ. ಸೆಪ್ಟೆಂಬರ್ ಮೊದಲಲ್ಲಿ ಬಾ. ನೀರು ಬೇಸಿಗೆಯಿಡೀ ಬಿಸಿಲು ಕುಡಿದಿರುತ್ತದೆ, ನೊಣ ಇರುವುದಿಲ್ಲ, ಜನರೂ ಹೋಗಿರುತ್ತಾರೆ."

ಸೆಪ್ಟೆಂಬರ್ ಎಂದೇ ಗೊತ್ತುಮಾಡಿ ಊರಿಗೆ ಫೋನ್ ಮಾಡಿದಾಗ ಅಮ್ಮ ನಕ್ಕರು. "ಕೆರೆ ಕಾಂಬುಕೆ ಅಷ್ಟ್ ದೂರ ಹೋಯ್ಕಾ ಮಾರಾಯ್ತಿ?"

ಹೋಗಬೇಕಿತ್ತು. ಮರುದಿನದಿಂದಲೇ ಕ್ಯಾಂಪಿನ ಈಜುಕೊಳದಲ್ಲಿ ಹೆಂಗಸರಿಗೆಂದು ಇಟ್ಟ ವೇಳೆಗೆ ನಾವಿಬ್ಬರೂ ಹಾಜರು. ಮುಖ ನೀರಿಗೆ ಇಳಿಸುವುದೇ ನನಗೆ ದೊಡ್ಡ ಕೆಲಸ. ಎಷ್ಟೋ ರೋಗಿಗಳಿಗೆ "ಉಸಿರು ಬಿಡಿ, ಹೆದರಬೇಡಿ" ಎಂದು ಹೇಳಿದವಳು, ನಾನೇ ಉಸಿರು ಕಟ್ಟಿ ಕೊಳದ ಅಂಚು ಹಿಡಿದು ನಿಲ್ಲುತ್ತಿದ್ದೆ. ಅವಳು ಒಮ್ಮೆಯೂ ಅವಸರ ಮಾಡಲಿಲ್ಲ. ಬೆನ್ನ ಕೆಳಗೆ ಒಂದು ಕೈ ಇಟ್ಟಿರುತ್ತಿದ್ದಳು. ಬೇಸಿಗೆ ಬಲಿಯುವ ಹೊತ್ತಿಗೆ ಆ ಕೈ ಅಲ್ಲಿಲ್ಲ ಎಂಬುದು ನನಗೆ ಗೊತ್ತಾಗದಷ್ಟು ತೇಲಲು ಬಂತು.

ಆಗಸ್ಟ್‌ನಲ್ಲಿ ಕಂಪನಿಯ ಬಸ್ಸು ಹತ್ತಿ ಬೆಳ್ಳಂಬೆಳಗ್ಗೆ ಕಡಲ ದಂಡೆಗೆ ಹೋದೆವು. ಅಲ್ಲಿ ಕ್ಲಬ್ಬಿನವರ ಒಂದು ಹಳೆಯ ಕನೂ ಇತ್ತು. ಹುಟ್ಟು ಹಾಕುವುದು ಸುಲಭ ಎನಿಸುವಷ್ಟರಲ್ಲಿ ನಾನು ಏನೋ ನೋಡಲು ಪಕ್ಕಕ್ಕೆ ವಾಲಿದೆ, ಇಬ್ಬರೂ ನೀರಿಗೆ ಬಿದ್ದೆವು. ಉಪ್ಪು ನೀರು ಮೂಗಿಗೆ ಹೋಯಿತು. ಮೇಲೆ ಬಂದಾಗ ಮಗುಚಿದ ದೋಣಿಯನ್ನು ಹಿಡಿದಿದ್ದವಳು ನಾನು, ಟೋಪಿ ಹುಡುಕುತ್ತಿದ್ದವಳು ಅವಳು.

"ಜೂನ್ ತಿಂಗಳಲ್ಲೇ ಹೋಗಬಹುದಿತ್ತು ಅಂತ ಈಗಲೂ ಅನಿಸುತ್ತದಾ?" ಎಂದು ಕೇಳಿದಳು.

"ಇಲ್ಲ" ಎಂದೆ. ನಗು ತಡೆಯಲಾಗಲಿಲ್ಲ.

ಸೆಪ್ಟೆಂಬರ್‌ನಲ್ಲಿ ಆ ಸರೋವರ ನೋಡಿದೆ. ದಡದ ಮರಗಳಲ್ಲಿ ಅಲ್ಲೊಂದು ಇಲ್ಲೊಂದು ಎಲೆ ಕೆಂಪಾಗಿತ್ತು. ಬೆಳಿಗ್ಗೆ ನೀರಿನ ಮೇಲೆ ಮಂಜು, ಅದು ಹರಿದಾಗ ತಳದ ಕಲ್ಲುಗಳು ಕಾಣುವಷ್ಟು ತಿಳಿ ನೀರು. ಕೈ ಅದ್ದಿದೆ, ತಣ್ಣಗಿತ್ತು, ಆದರೆ ತಾಳುವಷ್ಟೇ. ಒಂದು ವಾರ ದಿನವೂ ಹೋದೆವು. ಒಂದೆರಡು ಸಲ ಗಾಳಿ ಎದ್ದಾಗ ದಡ ಸೇರಿ ಕಾದೆವು.

ಅವಳ ಅಪ್ಪ ಮಂಡಿನೋವಿನಿಂದ ಎರಡು ಬೇಸಿಗೆ ದೋಣಿ ಹತ್ತಿರಲಿಲ್ಲ. ಹೊರಡುವ ಹಿಂದಿನ ದಿನ ದಂಡೆಗೆ ಬಂದು, "ಹಿಂದೆ ಯಾರು ಕೂರುತ್ತೀರಿ?" ಎಂದರು. ದೋಣಿಯ ದಿಕ್ಕು ನೋಡುವವರ ಜಾಗ ಅದು. ಮಗಳು ನನ್ನತ್ತ ಬೆರಳು ತೋರಿಸಿದಳು. ನಾವಿಬ್ಬರೂ ಹಿಡಿದು ಅವರನ್ನು ಮುಂದೆ ಕೂರಿಸಿದೆವು. ಅವರು ತಿರುಗಿ ನೋಡಲಿಲ್ಲ, ಸುಮ್ಮನೆ ಹುಟ್ಟು ನೀರಿಗೆ ಇಳಿಸಿದರು. ನಾನು ದೋಣಿಯನ್ನು ದಡದಿಂದ ಬಿಡಿಸಿದೆ.