ಒಂದೇ ಕಾಡಿಗೆ ಡಬ್ಬಿ

ತಾಂಡೂರಿನ ನಮ್ಮ ಅತ್ತೆಯ ಮನೆಯಲ್ಲಿ ಹೆಂಗಸರು ಐದು ಜನ, ಕಾಡಿಗೆ ಡಬ್ಬಿ ಮಾತ್ರ ಒಂದೇ. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಅತ್ತೆ ಹೊಸ್ತಿಲ ಬಳಿ ಕುಳಿತು, ಒಂದೇ ಬೆರಳಿನಿಂದ ಸಾಲಾಗಿ ಎಲ್ಲರ ಕಣ್ಣಿಗೂ ಹಚ್ಚುತ್ತಿದ್ದರು. ಸಾಲಿನ ಕೊನೆಗೆ ನಾನು, ಹೊಸ ಸೊಸೆ.

ನಿಜಾಮರ ಕಾಲ ಅದು. ಮದುವೆಯಾದ ಮೇಲೆ ಬಂದ ಮೊದಲ ನಾಗರಪಂಚಮಿಗೆ ಜಹೀರಾಬಾದಿನಿಂದ ಅಣ್ಣ ನನ್ನನ್ನು ಕರೆಯಲು ಬರುವವನಿದ್ದ. ಇನ್ನು ಹದಿನೈದು ದಿನ ಇರುವಾಗ ಭಾವನ ಹೆಂಡತಿ, ದೊಡ್ಡ ನೆಗೆಣ್ಣಿಗೆ ಕಣ್ಣುಬೇನೆ ಬಂತು. ಮೂರು ದಿನಕ್ಕೆ ನನಗೂ ಬಂತು. ಬೆಳಗ್ಗೆ ಎದ್ದರೆ ಗೀಜು ಕಟ್ಟಿ ರೆಪ್ಪೆ ಅಂಟಿಕೊಂಡಿರುತ್ತಿದ್ದವು. ಕಾಡಿಗೆ ತಂಪು ಎಂದು ಅತ್ತೆ ಇನ್ನಷ್ಟು ಒತ್ತಿ ಹಚ್ಚಿದರು. ಕಣ್ಣು ಇನ್ನಷ್ಟು ಕೆಂಪಾದವು.

"ಇಂಥಾ ಕಣ್ಣ ತಗೊಂಡು ತವರಿಗಿ ಹ್ಯಾಂಗ ಹೋಗ್ತಿ? ಅಲ್ಲಿ ನಿಮ್ಮ ಅತ್ತಿಗಿ ಬಾಣಂತಿ ಇದ್ದಾಳ. ಹಸುಗೂಸಿಗಿ ಹತ್ತಿದ್ರ?" ಎಂದರು ಅತ್ತೆ. ಮಾತು ಸರಿಯೇ. ನನಗೆ ಅಳು ಬಂತು, ಅದರಿಂದ ಕಣ್ಣುರಿ ಮತ್ತಷ್ಟು ಹೆಚ್ಚಿತು.

ಕೊನೆಗೆ ದವಾಖಾನೆಗೆ ಹೋದೆವು. ಮುದುಕ ಕಂಪೌಂಡರ್ ಸಾಹೇಬರು ನನ್ನ ಕಣ್ಣು ನೋಡಿ, ಆಮೇಲೆ ಅತ್ತೆಯ ಕಪ್ಪಾದ ಬೆರಳು ತೋರಿಸಿ ಕೇಳಿದರು.

"ಅಮ್ಮಾ, ಈ ಬಟ್ಟಿಲೆ ಎಷ್ಟು ಮಂದಿಗಿ ಹಚ್ಚತೀರಿ?"

"ಮನ್ಯಾಗಿನ ಎಲ್ಲಾರಿಗೂರಿ."

"ಮತ್ತ ಬ್ಯಾನಿ ಹಂಚೋರು ನೀವೇ ಇದ್ದೀರಲ್ಲ. ಕಾಡಿಗಿ ಬಂದ್ ಮಾಡ್ರಿ. ಹಚ್ಚಲೇಬೇಕಂದ್ರ ಮುಂದ ಒಬ್ಬೊಬ್ಬರಿಗಿ ಒಂದೊಂದು ಡಬ್ಬಿ."

"ಐದು ಡಬ್ಬಿ ಆದ್ರ ಐದು ಒಲಿ ಆದಂಗ್ರಿ, ಸಾಬ್. ಮಂದಿ ಏನಂದಾರು?"

"ಒಲಿ ಒಂದೇ ಇರಲಿ. ಬಟ್ಟು ಬ್ಯಾರೆ ಮಾಡ್ರಿ, ಸಾಕು."

ಬೋರಿಕ್ ಪುಡಿಯ ಪೊಟ್ಟಣ ಕೊಟ್ಟರು. ಕುದಿಸಿ ಆರಿಸಿದ ನೀರಿಗೆ ಚಿಟಿಕೆ ಹಾಕಿ ಕಣ್ಣು ಒರೆಸಬೇಕು, ಒರೆಸಿದ ಹತ್ತಿ ಒಲೆಗೆ ಹಾಕಬೇಕು, ಟವೆಲು ಬೇರೆ ಇಡಬೇಕು. "ಇದು ತೊಳಿಯಾಕ ಅಷ್ಟೇ. ವಾಸಿ ತಾನೇ ಆಗತದ. ನೀವು ಮುಟ್ಟಬ್ಯಾಡ್ರಿ, ತಿಕ್ಕಬ್ಯಾಡ್ರಿ," ಎಂದರು.

ಅತ್ತೆ ಮನೆಗೆ ಬಂದವರೇ ಡಬ್ಬಿಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಬಟ್ಟೆಯಲ್ಲಿ ಕಟ್ಟಿ ಗೋಡೆಯ ಮಾಡದೊಳಗಿಟ್ಟರು. "ಎಲ್ಲಾರ ಕಣ್ಣ ತಿಳಿ ಆಗೋತನಕ ಯಾರೂ ಹಚ್ಚಂಗಿಲ್ಲ. ನಾನೂ ಇಲ್ಲ." ಕಾಡಿಗೆಯಿಲ್ಲದ ಅತ್ತೆಯ ಮುಖವನ್ನು ನಾನು ಮೊದಲ ಸಲ ಕಂಡದ್ದು ಆಗಲೇ. ಎಷ್ಟು ಚಿಕ್ಕವರಂತೆ ಕಂಡರೆಂದರೆ, ನಾವು ನೆಗೆಣ್ಣಿಯರು ಸೆರಗಿನಲ್ಲಿ ನಕ್ಕೆವು.

ಹಬ್ಬದ ಹಿಂದಿನ ದಿನ ಅಣ್ಣ ಬಂದ. ನನ್ನ ಎಡಗಣ್ಣಿನ ಮೂಲೆಯಲ್ಲಿ ಒಂದು ಎಳೆ ಕೆಂಪು ಉಳಿದಿತ್ತು. ಅತ್ತೆ ಕಳಿಸಲು ಒಪ್ಪಲಿಲ್ಲ.

"ನಮ್ಮೂರಾಗ ಪಂಚಮಿ ಜೋಕಾಲಿ ನಮಗಾಗಿ ಕಾಯಂಗಿಲ್ರಿ, ಅತ್ತಿ," ಎಂದ ಅಣ್ಣ.

"ಕೂಸಿನ ಕಣ್ಣಿಗಿಂತ ಜೋಕಾಲಿ ದೊಡ್ಡದೇನಪಾ? ಉಂಡು ಮಲಗು, ಮುಂಜಾನಿ ನೋಡೂಣು."

ಬೆಳಕು ಹರಿಯುತ್ತಲೇ ನನ್ನನ್ನು ಅಂಗಳಕ್ಕೆ ಕರೆದು, ಗದ್ದ ಹಿಡಿಯದೆ, ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಹಳ ಹೊತ್ತು ನೋಡಿದರು.

"ಆತು. ಹಾಲಿನಂಗ ಬೆಳ್ಳಗಾಗ್ಯಾವ. ಹೋಗಿ ಬಾ. ಎರಡು ದಿನ ಕೂಸಿನ ಮಾರಿ ಮುಟ್ಟಬ್ಯಾಡ."

ಗಂಟಿನಲ್ಲಿ ಉಳಿದ ಬೋರಿಕ್ ಪುಡಿ ಇಟ್ಟರು. ಅದರ ಪಕ್ಕದಲ್ಲಿ ಹೆಬ್ಬೆರಳ ಗಾತ್ರದ ಹೊಸ ಹಿತ್ತಾಳೆ ಡಬ್ಬಿ. ಯಾವಾಗ ತರಿಸಿದ್ದರೋ. ಅಂಥವು ಐದು ಬಂದಿದ್ದವಂತೆ.

ಆ ಸಂಜೆ ತವರಿನ ಬೇವಿನ ಮರದ ಜೋಕಾಲಿಯಲ್ಲಿ ನಿಂತು ಜೀಕಿದೆ. ಗಾಳಿಗೆ ಕಣ್ಣು ಉರಿಯಲಿಲ್ಲ.